ಕಟಕಟೆಯಲ್ಲಿ ನಿಂತ ಕಟ್ಟುಕಟ್ಟಳೆ

ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ ಫಲ್ಗುಣಿ ಹೊಳೆಯ ದಂಡೆಯ ಮೇಲೆ 35 ಅಡಿ ಎತ್ತರದ ಬಾಹುಬಲಿ ನಿಂತಿದ್ದಾನೆ. ಅವನನ್ನು 1604ರಲ್ಲಿ ನಿಲ್ಲಿಸಿದವನು ಅಜಿಲ ಮನೆತನದ ತಿಮ್ಮರಾಜ. ಈ ಅರಸನ ಗುರುತನ್ನು ಅಲ್ಲಿನ ಶಾಸನ ಹೇಳುವ ಬಗೆ ಹೀಗೆ: ರಾಯಕುವರನ ಅಳಿಯ, ಪಾಂಡ್ಯಕದೇವಿಯ ಮಗ, ಪಾಂಡ್ಯನ ತಮ್ಮ. ಮಾವ, ತಾಯಿ, ಅಣ್ಣ ಮೂವರೂ ಬಂದರು, ತಂದೆ ಬರಲಿಲ್ಲ. ಬರಬೇಕೆಂದು ಅಂದು ಯಾರಿಗೂ ಅನಿಸಿರಲಾರದು. ಪಟ್ಟ ಬಂದದ್ದು ಸೋದರಮಾವನ ಕಡೆಯಿಂದ, ಆ ಹಕ್ಕು ಹರಿದದ್ದು ತಾಯಿಯ ಮೂಲಕ.

ಧರ್ಮಶಾಸ್ತ್ರದ ಗ್ರಂಥಗಳ ಪ್ರಕಾರ ತಂದೆಯ ಆಸ್ತಿ ಮಗನಿಗೆ. ತುಳುನಾಡಿನ ಬಂಟರು, ಜೈನರು, ಬಿಲ್ಲವರು, ಮೊಗವೀರರು ಆ ಗ್ರಂಥಗಳ ಎದುರಿನಲ್ಲೇ ಶತಮಾನಗಳ ಕಾಲ ಬೇರೆ ರೀತಿ ನಡೆದುಕೊಂಡರು. ಪುತ್ತಿಗೆ ಮತ್ತು ಮೂಡುಬಿದಿರೆಯ ಚೌಟರು, ಬಂಗಾಡಿ ಹಾಗೂ ನಂದಾವರದ ಬಂಗರು, ವೇಣೂರಿನ ಅಜಿಲರು ಇದೇ ಅಳಿಯಕಟ್ಟಿನವರು. ಉಳ್ಳಾಲದ ರಾಣಿ ಅಬ್ಬಕ್ಕ ಗದ್ದುಗೆ ಏರಿದ್ದು ಚೌಟ ಅರಸ ತಿರುಮಲರಾಯನ ಸೋದರಸೊಸೆಯಾಗಿ. ಗಂಡ ಬಂಗರಾಜನಿಂದ ದೂರವಾದರೂ ಅವಳ ಅರಸುತನಕ್ಕೆ ಕುಂದು ಬರಲಿಲ್ಲ, ಏಕೆಂದರೆ ಆ ಅರಸುತನ ಗಂಡನಿಂದ ಬಂದದ್ದೇ ಅಲ್ಲ.

ಬರೆದ ಶಾಸ್ತ್ರ ಒಂದು ಹೇಳಿ, ಊರಿನ ನಡವಳಿಕೆ ಇನ್ನೊಂದು ಹೇಳಿದರೆ ಯಾವುದರ ಮಾತು ನಡೆಯಬೇಕು? ಈ ಪ್ರಶ್ನೆಗೆ ತುಳುನಾಡು ಮನೆಯಂಗಳದಲ್ಲಿ, ದೈವದ ಕೊಡಿಯಡಿಯಲ್ಲಿ ಉತ್ತರ ಕೊಟ್ಟಿತು. ಯಹೂದಿಗಳು ಅದೇ ಪ್ರಶ್ನೆಯನ್ನು ಎರಡು ಸಾವಿರ ವರ್ಷ ಗ್ರಂಥಗಳಲ್ಲಿ ಚರ್ಚಿಸಿದರು. ಒಂದು ಕಾಲದಲ್ಲಿ ಈ ಎರಡೂ ಲೋಕಗಳು ನೇತ್ರಾವತಿ ಕಡಲು ಸೇರುವ ಮಂಗಳೂರಿನಲ್ಲಿ, ಒಂದೇ ಮನೆಯ ಮಾಡಿನಡಿ ಎದುರುಬದುರಾದವು.

ಅಳಿಯಕಟ್ಟು ನಡೆದ ಬಗೆ

ಅಳಿಯಕಟ್ಟು ಎಂದರೆ ಅಳಿಯಸಂತಾನ. ಇದರಲ್ಲಿ ಒಬ್ಬ ಮೂಲ ತಾಯಿಯ ಹೆಣ್ಣು ಸಂತತಿಯಲ್ಲಿ ಹುಟ್ಟಿದವರೆಲ್ಲ ಒಂದು ಕುಟುಂಬ. ಅದರೊಳಗೆ ಒಬ್ಬೊಬ್ಬ ತಾಯಿಯ ಕವಲು ಒಂದೊಂದು ಕವರು. ಆಸ್ತಿ ಕುಟುಂಬದ್ದು. ಅದನ್ನು ನಡೆಸುವವರು ಯಜಮಾನ ಅಥವಾ ಯಜಮಾನ್ತಿ. ಅವರು ನಡೆಸುವವರೇ ಹೊರತು ಒಡೆಯರಲ್ಲ. ಮಕ್ಕಳಿಗೆ ಹಕ್ಕು ತಾಯಿಯ ಮನೆಯಲ್ಲಿ. ತಂದೆಯ ಮನೆಯಲ್ಲಿ ಅವರು ಪ್ರೀತಿಯ ನೆಂಟರು. ಗೋತ್ರದಂತೆ ಕುಲವನ್ನು ಗುರುತಿಸುವ ಬಳಿಯೂ ತಾಯಿಯದೇ, ಆದ್ದರಿಂದ ಮದುವೆಯ ಮಾತು ಬಂದಾಗ ಮೊದಲು ವಿಚಾರಿಸುವುದು ತಾಯಿಯ ಬಳಿಯನ್ನು.

ಈ ಕಟ್ಟು ಎಲ್ಲರದೂ ಆಗಿರಲಿಲ್ಲ. ಬ್ರಾಹ್ಮಣರು ಮಕ್ಕಳಕಟ್ಟಿನವರು. ಜೈನರೊಳಗೇ ಬಸದಿಯ ಪೂಜೆ ಮಾಡುವ ಇಂದ್ರರು ಮಕ್ಕಳಕಟ್ಟಿನವರು, ಉಳಿದವರು ಅಳಿಯಕಟ್ಟಿನವರು. ಒಂದೇ ಬಸದಿಯಲ್ಲಿ ಕೈಮುಗಿಯುವ ಎರಡು ಮನೆಗಳ ವಾರಸು ಎರಡು ದಾರಿಯಲ್ಲಿ ಹೋಗುತ್ತಿತ್ತು. 1430ರಲ್ಲಿ ಸಾವಿರ ಕಂಬದ ಬಸದಿ ಕಟ್ಟಿದ ಮೂಡುಬಿದಿರೆಗೆ, ಜೈನರ ಧವಲಾ ಗ್ರಂಥಗಳ ತಾಳೆಯೋಲೆಗಳನ್ನು ಕಾಪಾಡಿಕೊಂಡು ಬಂದ ಮೂಡುಬಿದಿರೆಗೆ ಶಾಸ್ತ್ರದ ಅರಿವಿಲ್ಲವೆಂದು ಯಾರೂ ಹೇಳಲಾರರು. ಶಾಸ್ತ್ರ ತಿಳಿದೂ ಅವರು ವಾರಸಿನ ಮಾತಿನಲ್ಲಿ ರೂಢಿಯನ್ನೇ ಹಿಡಿದರು.

1801ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಬಂಟ್ವಾಳ, ಬೆಳ್ತಂಗಡಿ, ವೇಣೂರು, ಮೂಡುಬಿದಿರೆಗಳ ದಾರಿಯಾಗಿ ಹೋದ. ಟಿಪ್ಪುವಿನಿಂದ ಕೆನರಾ ಕಂಪನಿಯ ಕೈಗೆ ಬಂದು ಆಗಿನ್ನೂ ಎರಡು ವರ್ಷ. ಬೆಳೆ, ಗೇಣಿ, ಜಾತಿ, ಮದುವೆ ಹೀಗೆ ಕಂಡದ್ದನ್ನೆಲ್ಲ ಬರೆದುಕೊಳ್ಳುತ್ತ ಹೋದ ಅವನು ಈ ವಾರಸುಕಟ್ಟನ್ನೂ ಬಿಡಲಿಲ್ಲ. ಗಂಡಸು ಬದುಕಿರುವಾಗ ತನ್ನ ಮಕ್ಕಳಿಗೆ ಹಣ ಕೊಡಬಹುದು, ಸತ್ತಾಗ ಉಳಿದದ್ದು ಅಕ್ಕತಂಗಿಯರಿಗೂ ಅವರ ಮಕ್ಕಳಿಗೂ ಸೇರುತ್ತದೆ ಎಂಬುದು ಅವನು ಕೊಟ್ಟ ವಿವರ. ಕಟ್ಟು ಎಷ್ಟು ಬಿಗಿ, ಎಲ್ಲಿ ಸಡಿಲ ಎಂಬ ಎರಡೂ ಈ ವಿವರದಲ್ಲಿವೆ. ತಂದೆಯ ಮಮತೆಗೆ ಒಂದು ಬಾಗಿಲು ತೆರೆದೇ ಇತ್ತು.

ಭೂತಾಳ ಪಾಂಡ್ಯನ ಕಥೆ

ಕಟ್ಟು ಎಲ್ಲಿಂದ ಬಂತು ಎಂದು ಕೇಳಿದರೆ ತುಳುನಾಡು ಒಂದು ಕಥೆ ಹೇಳುತ್ತದೆ. ದೇವ ಪಾಂಡ್ಯನೆಂಬವನು ಹೊಸ ಹಡಗುಗಳನ್ನು ಕಟ್ಟಿಸಿದ. ನೀರಿಗಿಳಿಸುವ ಹೊತ್ತಿಗೆ ಕುಂಡೋದರ ಭೂತ ಅಡ್ಡ ನಿಂತು ನರಬಲಿ ಕೇಳಿತು. ದೇವ ಪಾಂಡ್ಯನ ಹೆಂಡತಿ ತನ್ನ ಮಕ್ಕಳಲ್ಲಿ ಒಬ್ಬನನ್ನೂ ಬಿಟ್ಟುಕೊಡಲಿಲ್ಲ. ತಂಗಿ ಸತ್ಯವತಿ ತನ್ನ ಮಗ ಜಯ ಪಾಂಡ್ಯನನ್ನು ಮುಂದೆ ತಂದು ನಿಲ್ಲಿಸಿದಳು. ಕುಂಡೋದರ ಮೆಚ್ಚಿ ಹುಡುಗನನ್ನು ಉಳಿಸಿತು. ಅವನೇ ಭೂತಾಳ ಪಾಂಡ್ಯನಾಗಿ ಬಾರಕೂರಿನಿಂದ ಆಳಿ, ಆಸ್ತಿ ಮಕ್ಕಳಿಗಲ್ಲ, ಅಳಿಯನಿಗೆ ಎಂಬ ಕಟ್ಟಳೆ ಮಾಡಿದ. ಕಷ್ಟದ ಹೊತ್ತಿಗೆ ಯಾರ ಕರುಳು ನಿನ್ನ ಪಾಲಿಗೆ ಬಂತೋ ಅವರಿಗೇ ನಿನ್ನ ಸಂಪತ್ತು ಎಂಬುದು ಕಥೆಯ ನ್ಯಾಯ.

ಶಾಸನಗಳು ಹೇಳುವುದು ಇಷ್ಟು ಸರಳವಾಗಿಲ್ಲ. ಕಾರ್ಕಳದ ಬಾಹುಬಲಿಯನ್ನು 1432ರಲ್ಲಿ ನಿಲ್ಲಿಸಿದ ವೀರ ಪಾಂಡ್ಯ ತನ್ನನ್ನು ಭೈರವನ ಮಗನೆಂದು ಕರೆದುಕೊಂಡ. ಅದೇ ಊರಿನಲ್ಲಿ 1586ರಲ್ಲಿ ಚತುರ್ಮುಖ ಬಸದಿ ಕಟ್ಟಿಸಿದ ಇಮ್ಮಡಿ ಭೈರವ ತನ್ನನ್ನು ಹಿಂದಿನ ಭೈರವನ ಸೋದರಳಿಯನೆಂದು ಬರೆಸಿದ. ಒಬ್ಬ ದೊರೆ ಒಂದು ದಿನ ಹೊರಡಿಸಿದ ಅಪ್ಪಣೆಯಾಗಿದ್ದರೆ ಹೀಗಾಗುತ್ತಿರಲಿಲ್ಲ. ಅಳಿಯಕಟ್ಟು ಮನೆಯಿಂದ ಮನೆಗೆ, ತಲೆಮಾರಿನಿಂದ ತಲೆಮಾರಿಗೆ ಬೆಳೆದು ಗಟ್ಟಿಯಾದದ್ದು.

ಹಾಗಾದರೆ ಅದಕ್ಕೆ ಅಧಿಕಾರ ಎಲ್ಲಿಂದ? ಊರಿನ ಹಿರಿಮನೆಯಾದ ಗುತ್ತಿನ ಚಾವಡಿಯಲ್ಲಿ ಹಿರಿಯರು ಕೂತು ಹೇಳಿದ್ದರಿಂದ, ಬೀಡಿನ ಅರಸರೇ ಅದರಂತೆ ನಡೆದದ್ದರಿಂದ, ವರ್ಷಕ್ಕೊಮ್ಮೆ ನೇಮದಲ್ಲಿ ದೈವ ಕುಟುಂಬವನ್ನು ಹೆಸರು ಹಿಡಿದು ಕರೆದು ಕಟ್ಟು ತಪ್ಪಿದವರನ್ನು ಕೇಳುತ್ತಿದ್ದುದರಿಂದ. ಧರ್ಮಸ್ಥಳದಲ್ಲಿ ಜೈನ ಹೆಗ್ಗಡೆಯವರು, ಮಂಜುನಾಥ ಸ್ವಾಮಿ, ವೈಷ್ಣವ ಅರ್ಚಕರು ಒಂದೇ ಕಡೆ ಇರುವುದು ಯಾವ ಶಾಸ್ತ್ರಗ್ರಂಥದ ಲೆಕ್ಕಕ್ಕೂ ಸುಲಭವಾಗಿ ಸಿಗುವುದಿಲ್ಲ. ಆದರೂ ಜಗಳವಾಡಿದ ಎರಡು ಕಡೆಯವರು ಅಲ್ಲಿ ಬಂದು ಹೆಗ್ಗಡೆಯವರ ಮಾತಿಗೆ ತಲೆಬಾಗುತ್ತ ಬಂದಿದ್ದಾರೆ. ನಂಬಿ ನಡೆದವರಿಂದಲೇ ರೂಢಿಗೆ ಬಲ.

ಮಂಗಳೂರಿನ ಯಹೂದಿ

1132ರ ಅಕ್ಟೋಬರ್ 17ರಂದು ಮಂಗಳೂರಿನಲ್ಲಿ ಒಂದು ಪತ್ರ ಬರೆಯಲಾಯಿತು. ಬರೆಸಿದವನು ಅಬ್ರಹಾಂ ಬೆನ್ ಯಿಜು, ಇಂದಿನ ಟುನೀಸಿಯದ ಮಹ್ದಿಯಾದಿಂದ ಏಡನ್ ದಾರಿಯಾಗಿ ಬಂದ ಯಹೂದಿ ವರ್ತಕ. ಆಶು ಎಂಬ ದಾಸಿಯನ್ನು ಅವನು ಆ ಪತ್ರದ ಮೂಲಕ ಬಿಡುಗಡೆ ಮಾಡಿದ. ಅವಳೇ ಅವನ ಮಕ್ಕಳ ತಾಯಿ ಎಂಬುದು ವಿದ್ವಾಂಸರ ತೀರ್ಮಾನ. ಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣವನ್ನು ಏಡನ್ನಿಗೆ ಕಳಿಸುತ್ತ, ಹಿತ್ತಾಳೆ ಪಾತ್ರೆಗಳ ಕಾರ್ಖಾನೆ ನಡೆಸುತ್ತ ಅವನು ಈ ಕರಾವಳಿಯಲ್ಲಿ ಸುಮಾರು 17 ವರ್ಷ ಕಳೆದ. ಅವನ ಕಾಗದಪತ್ರಗಳು ಕೈರೋದ ಬೆನ್ ಎಜ್ರಾ ಪ್ರಾರ್ಥನಾ ಮಂದಿರದ ಕೋಣೆಯಲ್ಲಿ ಶತಮಾನಗಳ ಕಾಲ ಬಿದ್ದಿದ್ದವು. ಅವನ ಆಳು ಬೊಮ್ಮನ ಜಾಡು ಹಿಡಿದು ಮಂಗಳೂರಿಗೆ ಬಂದ ಅಮಿತಾವ್ ಘೋಷ್ 1992ರಲ್ಲಿ ಪುಸ್ತಕ ಬರೆದರು.

ಬಿಡುಗಡೆ ಪತ್ರ ಏಕೆ ಬೇಕಾಯಿತು? ಯಹೂದಿ ಧರ್ಮಶಾಸ್ತ್ರದಲ್ಲೂ ಮಗು ತಾಯಿಯ ಸ್ಥಿತಿಯನ್ನೇ ಪಡೆಯುತ್ತದೆ. ಯಹೂದಿ ತಾಯಿಯ ಮಗು ಯಹೂದಿ, ದಾಸಿಯ ಮಗು ದಾಸ್ಯದಲ್ಲೇ. ವಿಧಿಪ್ರಕಾರ ಬಿಡುಗಡೆಯಾದ ದಾಸಿ ಯಹೂದಿ ಸಮುದಾಯಕ್ಕೆ ಸೇರುತ್ತಾಳೆ, ಆಮೇಲೆ ಹುಟ್ಟುವ ಮಕ್ಕಳೂ ಸೇರುತ್ತಾರೆ. ಆದರೆ ಆಸ್ತಿಯ ಮಾತಿಗೆ ಬಂದರೆ ಅವರ ಲೆಕ್ಕ ಬೇರೆ: ತಂದೆಯಿಂದ ಗಂಡುಮಕ್ಕಳಿಗೆ, ಅವರಿಲ್ಲದಿದ್ದರೆ ಹೆಣ್ಣುಮಕ್ಕಳಿಗೆ. ತುಳುನಾಡಿನಲ್ಲಿ ಬಳಿಯೂ ಆಸ್ತಿಯೂ ತಾಯಿಯ ಕಡೆಯಿಂದ. ಆಶುವಿನ ಮಕ್ಕಳಿಗೆ ತಂದೆಯ ಆಸ್ತಿ ಸಿಗಬೇಕಾದರೆ ತಾಯಿಯ ಸ್ಥಿತಿ ಮೊದಲು ಸರಿಯಾಗಬೇಕಿತ್ತು. ತುಳುನಾಡಿನ ಕಟ್ಟಿಗಾದರೋ ಆ ತಂದೆಯ ಆಸ್ತಿಯ ಪ್ರಶ್ನೆಯೇ ಇಲ್ಲ.

ಆದರೂ ಯಹೂದಿ ಶಾಸ್ತ್ರದಲ್ಲಿ ಒಂದು ತೊಡಕಿತ್ತು. ದಾಸಿಯೊಡನೆ ಸಂಬಂಧವಿದೆಯೆಂಬ ಗುಮಾನಿ ಇದ್ದವನು ಅವಳನ್ನು ಬಿಡುಗಡೆ ಮಾಡಿದ ಮೇಲೆ ಮದುವೆಯಾಗಬಾರದು ಎಂಬುದು ಹಳೆಯ ನಿಯಮ. ಈಜಿಪ್ಟಿನಲ್ಲಿ ನೆಲೆಸಿದ ಮಹಾವಿದ್ವಾಂಸ ಮೈಮೊನಿಡಿಸ್ (1138–1204) ಇಂಥ ಒಂದು ಪ್ರಕರಣ ತನ್ನ ಮುಂದೆ ಬಂದಾಗ, ಬಿಡುಗಡೆ ಮಾಡಿ ಮದುವೆಯಾಗಲಿ ಎಂದೇ ತೀರ್ಪು ಕೊಟ್ಟ. ದೊಡ್ಡ ಪಾಪ ತಪ್ಪುವುದಾದರೆ ಸಣ್ಣ ನಿಯಮ ಬಾಗಬಹುದು ಎಂಬುದು ಅವನ ದಾರಿ. ಈ ಕಡಲು ಅವನಿಗೂ ಅಪರಿಚಿತವಲ್ಲ. ಅವನ ತಮ್ಮ ಡೇವಿಡ್ ವ್ಯಾಪಾರಕ್ಕೆಂದು ಹೊರಟು ಹಿಂದೂ ಮಹಾಸಾಗರದಲ್ಲಿ ಮುಳುಗಿ ಸತ್ತ.

ಬೆನ್ ಯಿಜು 1149ರಲ್ಲಿ ಮಕ್ಕಳೊಂದಿಗೆ ಏಡನ್ನಿಗೆ ಮರಳಿದ. ಮಗ ತೀರಿಕೊಂಡ. ಉಳಿದ ಒಬ್ಬಳೇ ಮಗಳನ್ನು ಹೊರಗಿನವರು ಕೇಳಿದರೂ ಕೊಡದೆ, 1156ರಲ್ಲಿ ಸ್ವಂತ ಸೋದರನ ಮಗನಿಗೇ ಮದುವೆ ಮಾಡಿಕೊಟ್ಟ. ಮಂಗಳೂರಿನಲ್ಲಿ ಗಳಿಸಿದ ಹಣ ಅವನ ವಂಶದಲ್ಲೇ ಉಳಿಯಿತು. ಅಳಿಯಕಟ್ಟಿನ ನಾಡಿನಲ್ಲಿ ಅಷ್ಟು ವರ್ಷ ಇದ್ದೂ ಅವನು ತನ್ನ ಕಟ್ಟು ಬಿಡಲಿಲ್ಲ.

ಹೊರಗೆ ಹೋಗಿ ಜನ ಏನು ಮಾಡುತ್ತಾರೆ ನೋಡು

ಯಹೂದಿಗಳ ಧರ್ಮಶಾಸ್ತ್ರ ಹಲಾಖಾ, ರೂಢಿ ಮಿನ್ಹಾಗ್. ಇವೆರಡರ ಸಂಬಂಧದ ಬಗ್ಗೆ ತಾಲ್ಮುದ್ ಎಂಬ ಅವರ ಹಳೆಯ ಗ್ರಂಥ ಒಂದು ಕಥೆ ಹೇಳುತ್ತದೆ. ಪಸ್ಕ ಹಬ್ಬದ ಹಿಂದಿನ ದಿನ, ವಾರದ ವಿಶ್ರಾಂತಿ ದಿನವಾದ ಸಬ್ಬತ್ ಬಂತು. ಬಲಿಯ ಕುರಿಗೆ ಕತ್ತಿ ಬೇಕು, ಸಬ್ಬತ್ ದಿನ ಕತ್ತಿ ಒಯ್ಯುವಂತಿಲ್ಲ. ಹಿಂದಿನ ದಿನವೇ ತರಲು ಮರೆತವರು ಏನು ಮಾಡಬೇಕೆಂದು ಹಿಲ್ಲೆಲ್ ಎಂಬ ಗುರುವನ್ನು ಕೇಳಿದರು. ಅವನಿಗೂ ನಿಯಮ ಮರೆತುಹೋಗಿತ್ತು. ಜನರನ್ನೇ ನೋಡೋಣ, ಅವರು ಪ್ರವಾದಿಗಳಲ್ಲದಿದ್ದರೂ ಪ್ರವಾದಿಗಳ ಮಕ್ಕಳು ಎಂದ. ಮರುದಿನ ಜನ ಕುರಿಯ ಉಣ್ಣೆಯೊಳಗೆ ಕತ್ತಿ ಸಿಕ್ಕಿಸಿ ಹೊಡೆದುಕೊಂಡು ಬಂದರು. ಗುರುವಿಗೆ ನಿಯಮ ನೆನಪಾಯಿತು.

ಆದರೆ ಯಹೂದಿ ಗುರುಗಳು ರೂಢಿಗೆ ಎಲ್ಲ ಕಡೆ ಒಂದೇ ಬೆಲೆ ಕೊಡಲಿಲ್ಲ. ಹಣಕಾಸು, ಕೂಲಿ, ವ್ಯವಹಾರದ ಮಾತಿನಲ್ಲಿ ಊರ ರೂಢಿ ಶಾಸ್ತ್ರವನ್ನೂ ಮೀರಬಹುದು. ಕೆಲಸದಾಳುಗಳು ಬೇಗ ಬರುವ ರೂಢಿಯಿಲ್ಲದ ಊರಿನಲ್ಲಿ ಒಡೆಯ ಬೇಗ ಬಾ ಎನ್ನುವಂತಿಲ್ಲ. ಊಟ ಹಾಕುವ ರೂಢಿಯಿದ್ದಲ್ಲಿ ಹಾಕಲೇಬೇಕು. ಧಾರ್ಮಿಕ ನಿಷೇಧಗಳ ಮಾತಿನಲ್ಲಿ ರೂಢಿ ಇನ್ನಷ್ಟು ಬಿಗಿಯಾಗಬಹುದು, ನಿಷಿದ್ಧವಾದದ್ದನ್ನು ಸಲೀಸು ಮಾಡುವಂತಿಲ್ಲ. ಯುರೋಪಿನ ಅಶ್ಕೆನಾಜಿ ಯಹೂದಿಗಳು ಪಸ್ಕ ಹಬ್ಬದಲ್ಲಿ ಅನ್ನ ಉಣ್ಣದಿರುವುದು ಬರಿಯ ರೂಢಿಯಿಂದ. ಹೆಚ್ಚಿನ ಸೆಫಾರ್ಡಿ ಯಹೂದಿಗಳಿಗೆ ಆ ರೂಢಿಯಿಲ್ಲ, ಉಣ್ಣುತ್ತಾರೆ. ಮೂರನೆಯದು ತಪ್ಪಿನಿಂದ ಹುಟ್ಟಿದ ರೂಢಿ. ಅದಕ್ಕೆ ಬಲವೇ ಇಲ್ಲ, ಬಿಡಬೇಕು.

16ನೇ ಶತಮಾನದಲ್ಲಿ ಸಫೇದ್ ಊರಿನ ಯೋಸೆಫ್ ಕಾರೋ ಇಡೀ ಶಾಸ್ತ್ರವನ್ನು ಒಂದು ಗ್ರಂಥದಲ್ಲಿ ಅಡಕಗೊಳಿಸಿದ. 1565ರಲ್ಲಿ ವೆನಿಸಿನಲ್ಲಿ ಅಚ್ಚಾದ ಆ ಪುಸ್ತಕದಲ್ಲಿ ಪೋಲೆಂಡಿನವರ ರೂಢಿಗಳಿರಲಿಲ್ಲ. ಕ್ರಾಕೋವಿನ ಮೋಸೆಸ್ ಇಸ್ಸರ್ಲೆಸ್ ತಮ್ಮ ರೂಢಿ ಬೇರೆಯಿದ್ದ ಕಡೆಗಳಲ್ಲಿ ನಮ್ಮಲ್ಲಿ ನಡೆಯುವುದು ಹೀಗೆ ಎಂದು ಟಿಪ್ಪಣಿ ಸೇರಿಸಿದ. ಅಂದಿನಿಂದ ಎರಡೂ ಒಂದೇ ಪುಟದಲ್ಲಿ ಅಚ್ಚಾಗುತ್ತಿವೆ. ರೂಢಿ ಊರಿನ ಹೆಸರಿನೊಂದಿಗೇ ಪುಸ್ತಕಕ್ಕೆ ಬಂತು, ಅದರ ಮೇಲಿನ ತರ್ಕವೂ ಜೊತೆಗೇ ಬಂತು.

ಇಷ್ಟಾದರೂ ರೂಢಿ ಗುರುಗಳ ಮಾತು ಕೇಳದ ಸಂದರ್ಭಗಳಿದ್ದವು. ನಮ್ಮ ಪಕ್ಕದ ಕೊಚ್ಚಿಯಲ್ಲಿ ಬಿಡುಗಡೆಯಾದ ದಾಸರ ವಂಶದ ಯಹೂದಿಗಳನ್ನು ಸಮುದಾಯದ ಕೆಲವರು ಸರಿಸಮರೆಂದು ಒಪ್ಪಲಿಲ್ಲ. 16ನೇ ಶತಮಾನದಲ್ಲಿ ಈ ಪ್ರಶ್ನೆ ಕೈರೋಗೆ ಹೋಯಿತು. ರಬ್ಬಿ ಡೇವಿಡ್ ಇಬ್ನ್ ಜಿಮ್ರಾ, ವಿಧಿಪ್ರಕಾರ ಸೇರಿಸಿಕೊಂಡವರು ಪೂರ್ಣ ಯಹೂದಿಗಳೇ, ಅವರೊಂದಿಗೆ ಮದುವೆಯೂ ಸಲ್ಲುತ್ತದೆ ಎಂದರು. ತೀರ್ಪು ಬಂತು, ರೂಢಿ ಬದಲಾಗಲಿಲ್ಲ. ಆ ವಂಶದಲ್ಲಿ ಹುಟ್ಟಿದ ವಕೀಲ ಎ. ಬಿ. ಸೇಲಂ 20ನೇ ಶತಮಾನದಲ್ಲಿ ಗಾಂಧಿಯವರ ದಾರಿ ಹಿಡಿದು ಪರದೇಶಿ ಸಿನಗಾಗಿನಲ್ಲಿ ಸತ್ಯಾಗ್ರಹ ಮಾಡಿದ ಮೇಲೆಯೇ ಅಲ್ಲಿನ ತಾರತಮ್ಯ ಸಡಿಲಾಯಿತು. ಆಶುವಿನ ಬಿಡುಗಡೆ ಪತ್ರ ಕೇಳಿದ್ದ ಪ್ರಶ್ನೆಗೆ ಕೊಚ್ಚಿಯಲ್ಲಿ ಉತ್ತರ ಸಿಗಲು ಅಷ್ಟು ಕಾಲ ಹಿಡಿಯಿತು.

ಮದರಾಸಿನ ನ್ಯಾಯಾಧೀಶರು ಪುಸ್ತಕ ಕೇಳಿದರು

ತುಳುನಾಡಿನ ರೂಢಿ ಇಂಥ ಪರೀಕ್ಷೆಗೆ ಸಿಕ್ಕಿದ್ದು ಬ್ರಿಟಿಷರ ಕಾಲದಲ್ಲಿ. ಹಿಂದೂಗಳಿಗೆ ಅವರ ಶಾಸ್ತ್ರದಂತೆಯೇ ನ್ಯಾಯ ಎಂಬುದು 1772ರಿಂದ ಕಂಪನಿಯ ನೀತಿ. ಶಾಸ್ತ್ರವೆಂದರೆ ಅವರಿಗೆ ಪುಸ್ತಕ. ಅಳಿಯಕಟ್ಟಿಗೆ ಪುಸ್ತಕ ಎಲ್ಲಿದೆ? ವಕೀಲರು ತಂದು ತೋರಿಸಿದರು: ಭೂತಾಳ ಪಾಂಡ್ಯನ ಹೆಸರಿನ ಅಳಿಯಸಂತಾನದ ಕಟ್ಟುಕಟ್ಟಳೆ.

1862ರಲ್ಲಿ ಮದರಾಸು ಹೈಕೋರ್ಟು ಹುಟ್ಟಿತು. ಮರುವರ್ಷವೇ ಮುಂಡ ಚೆಟ್ಟಿ ಮತ್ತು ತಿಮ್ಮಾಜು ಹೆಂಗ್ಸು ನಡುವಿನ ಮೊಕದ್ದಮೆಯಲ್ಲಿ ಅದು, ಅಳಿಯಸಂತಾನದ ಕುಟುಂಬದಲ್ಲಿ ಒಬ್ಬರು ಹಟ ಹಿಡಿದು ಪಾಲು ಕೇಳುವಂತಿಲ್ಲ ಎಂದಿತು. ಆಸ್ತಿಯ ಹಕ್ಕೆಲ್ಲ ಹೆಣ್ಣಿನಿಂದಲೇ ಬರುತ್ತದೆ ಎಂಬ ತತ್ವವನ್ನು ಈ ಕಟ್ಟು ಕೇರಳದ ಮರುಮಕ್ಕತ್ತಾಯಕ್ಕಿಂತಲೂ ಪೂರ್ಣವಾಗಿ ಪಾಲಿಸುತ್ತದೆಂದು ನ್ಯಾಯಾಧೀಶರು ಕಂಡರು. 1868ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ರಾಮನಾಡಿನ ಒಂದು ಮೊಕದ್ದಮೆಯಲ್ಲಿ, ರೂಢಿ ಸ್ಪಷ್ಟವಾಗಿ ರುಜುವಾತಾದರೆ ಬರೆದ ಶಾಸ್ತ್ರಕ್ಕಿಂತ ಅದೇ ತೂಕದ್ದು ಎಂಬ ಪ್ರಸಿದ್ಧ ನಿಯಮ ಹಾಕಿತು. ರೂಢಿ ಗೆದ್ದಿತು ಎನ್ನಬೇಕು.

ಗೆದ್ದ ರೀತಿಯಲ್ಲೇ ತೊಂದರೆಯಿತ್ತು. ಮಂಗಳೂರಿನಲ್ಲಿ ನ್ಯಾಯಾಧೀಶನಾಗಿದ್ದ, ತುಳುವರ ಭೂತಾರಾಧನೆಯ ಬಗ್ಗೆ ಆಳವಾಗಿ ಬರೆದ ಎ. ಸಿ. ಬರ್ನೆಲ್ ಆ ಕಟ್ಟುಕಟ್ಟಳೆಯ ಪುಸ್ತಕವೇ ಖೋಟಾ, ಇತ್ತೀಚೆಗೆ ಯಾರೋ ಕಟ್ಟಿದ್ದು ಎಂದ. ಆ ಹೊತ್ತಿಗೆ ಅದರ ಆಧಾರದ ಮೇಲೆ ತೀರ್ಪುಗಳಾಗಿದ್ದವು, ಜಮೀನುಗಳು ಕೈಬದಲಾಗಿದ್ದವು. ಪುಸ್ತಕ ಸುಳ್ಳಾದರೂ ತೀರ್ಪು ಉಳಿಯಿತು. ಹಿಂದೆ ಹಿರಿಯರು ಕುಟುಂಬದ ಗಾತ್ರ, ಗದ್ದೆಯ ಫಲ, ಕವರುಗಳ ನಡುವಿನ ಮನಸ್ತಾಪ ನೋಡಿ ಬೇರೆ ಬೇರೆ ಒಲೆ ಹೂಡಲು ಒಪ್ಪುತ್ತಿದ್ದರು. ಈಗ ಒಬ್ಬನೇ ಒಬ್ಬ ಒಪ್ಪದಿದ್ದರೂ ಪಾಲಿಲ್ಲ. ನೂರು ಮಂದಿಯ ಕುಟುಂಬಗಳು ಒಂದೇ ಯಜಮಾನನ ಕೆಳಗೆ ಕೋರ್ಟಿನ ಮೆಟ್ಟಿಲು ಹತ್ತುತ್ತ ಕೂತವು. ಸಂಬಂಧ ಸುಲಭವಾಗಿ ಮುರಿಯಬಹುದೆಂಬ ಕಾರಣಕ್ಕೆ ಈ ಕಟ್ಟಿನ ಮದುವೆಯನ್ನು ಪೂರ್ಣ ಮದುವೆಯೆಂದು ಒಪ್ಪಲೂ ಆ ಕಾಲದ ನ್ಯಾಯಾಲಯಗಳು ಹಿಂಜರಿದವು.

ಬಿಗಿದ ಗಂಟನ್ನು ಕೊನೆಗೆ ಬಿಚ್ಚಿದ್ದು ಶಾಸನಸಭೆ. 1949ರ ಮದರಾಸು ಅಳಿಯಸಂತಾನ ಕಾಯಿದೆ ಮದುವೆಯನ್ನು ಮಾನ್ಯ ಮಾಡಿತು, ಕವರಿನ ವಯಸ್ಕರಲ್ಲಿ ಹೆಚ್ಚಿನವರು ಒಪ್ಪಿದರೆ ಪಾಲು ಕೇಳುವ ಹಕ್ಕು ಕೊಟ್ಟಿತು. ಹೆಣ್ಣು ಸಂತತಿ ಮುಂದುವರಿಯದ ನಿಸ್ಸಂತತಿ ಕವರಿಗೆ, ಸಂತತಿಯಿರುವ ಕವರು ಇರುವಲ್ಲಿ, ಬದುಕಿರುವವರೆಗಿನ ಅನುಭೋಗ ಮಾತ್ರ ಎಂದಿತು. 1956ರ ಜೂನ್ 17ರಂದು ಜಾರಿಗೆ ಬಂದ ಹಿಂದೂ ಉತ್ತರಾಧಿಕಾರ ಕಾಯಿದೆ ಅಳಿಯಸಂತಾನದ ಆಸ್ತಿಯ ವಾರಸನ್ನೂ ತನ್ನೊಳಗೆ ಸೇರಿಸಿಕೊಂಡಿತು. ಅದೇ ವರ್ಷ ನವೆಂಬರಿನಲ್ಲಿ ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ ಸೇರಿತು. 1974ರ ಭೂಸುಧಾರಣೆ ಗುತ್ತು, ಬೀಡುಗಳ ಗೇಣಿಗದ್ದೆಗಳನ್ನು ಒಕ್ಕಲುಗಳಿಗೆ ಕೊಟ್ಟಿತು. ಪಾಲು ಮಾಡಲು ಉಳಿದದ್ದೇ ಕಡಿಮೆ.

ಯಾವ ರೂಢಿ, ಯಾರ ರೂಢಿ

ರೂಢಿಯೆಂದ ಮಾತ್ರಕ್ಕೆ ಗೌರವ ಸಲ್ಲುವುದಿಲ್ಲ ಎಂಬುದಕ್ಕೂ ಇದೇ ನೆಲ ಸಾಕ್ಷಿ. ಕೊರಗ ಬುಡಕಟ್ಟಿನವರಿಗೆ ಉಗುರು, ಕೂದಲು ಬೆರೆಸಿದ ಅನ್ನ ತಿನ್ನಿಸುವ, ಕಂಬಳದ ಮೊದಲು ಅವರನ್ನು ಗದ್ದೆಯಲ್ಲಿ ಓಡಿಸುವ ಅಜಲು ಕೂಡ ತಲೆಮಾರುಗಳಿಂದ ಬಂದ ಕಟ್ಟೇ ಎಂದು ಹೇಳಿಕೊಂಡು ನಡೆಯಿತು. ಗುತ್ತಿನ ಚಾವಡಿಗಳು ಅದನ್ನು ತಡೆಯಲಿಲ್ಲ. 2000ದಲ್ಲಿ ಕರ್ನಾಟಕ ಸರಕಾರ ಪ್ರತ್ಯೇಕ ಕಾಯಿದೆ ಮಾಡಿ ಅದನ್ನು ನಿಷೇಧಿಸಬೇಕಾಯಿತು. ತಪ್ಪಿನ ರೂಢಿಯನ್ನು ಬಿಡಬೇಕು ಎಂಬ ಮಾತು ಯಹೂದಿ ಗ್ರಂಥದಲ್ಲಿತ್ತು, ಕೊಚ್ಚಿಯಲ್ಲಿ ಅದು ಬಹುಕಾಲ ನಡೆಯಲಿಲ್ಲ. ನಮ್ಮಲ್ಲಿ ಆ ಮಾತನ್ನು ಹೇಳುವವರೇ ಇರಲಿಲ್ಲ. ಇದ್ದರೂ ಅವರ ದನಿ ಚಾವಡಿಯವರೆಗೆ ತಲುಪುತ್ತಿರಲಿಲ್ಲ.

ಎರಡು ಪರಂಪರೆಗಳ ನಡುವಿನ ಅಂತರ ಇಲ್ಲಿದೆ. ಯಹೂದಿಗಳು ರೂಢಿಯ ಮೇಲಿನ ವಾದವನ್ನು ತಮ್ಮವರ ಕೈಯಲ್ಲೇ, ತಮ್ಮ ಭಾಷೆಯಲ್ಲೇ ಇಟ್ಟುಕೊಂಡರು. ಹಾಗಾಗಿ ಗೆದ್ದ ರೂಢಿಯ ಜೊತೆ ಸೋತ ವಾದವೂ ದಾಖಲಾಯಿತು, ಮುಂದಿನವರು ಅದನ್ನು ಮತ್ತೆ ಎತ್ತಿಕೊಳ್ಳಬಹುದಿತ್ತು. ತುಳುನಾಡಿನ ಕಟ್ಟು ನಡೆದುಕೊಂಡವರ ನೆನಪಿನಲ್ಲಿ ಮಾತ್ರ ಇತ್ತು. ಮದರಾಸಿನ ಕೋರ್ಟು ಪುಸ್ತಕ ಕೇಳಿದಾಗ ಕೊಡಲು ಸಿಕ್ಕಿದ್ದು ಖೋಟಾ ಎನಿಸಿಕೊಂಡ ಒಂದು ಪುಸ್ತಕ. ಅಲ್ಲಿಂದಾಚೆಗೆ ನಮ್ಮ ರೂಢಿಯ ಮೇಲೆ ವಾದ ಮಾಡಿದವರು ಇಂಗ್ಲಿಷಿನ ವಕೀಲರು.

ಕಾಯಿದೆ ಕೈಹಾಕದ ಕಡೆ ಕಟ್ಟು ಇನ್ನೂ ನಡೆಯುತ್ತಿದೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಅಳಿಯಕಟ್ಟಿನ ಮನೆಗಳಲ್ಲಿ ಆಸ್ತಿ ಈಗ ಕಾಯಿದೆಯಂತೆ ಮಕ್ಕಳಿಗೆ ಹೋಗುತ್ತದೆ. ಮದುವೆಗೆ ಬಳಿ ನೋಡುವುದು ತಾಯಿಯದು. ಗುತ್ತಿನಲ್ಲಿ ಗಡಿ, ಅಂದರೆ ಯಜಮಾನಿಕೆಯ ಪಟ್ಟ, ಹಿಡಿಯುವವನು, ದೈವದ ಮುಂದೆ ನಿಲ್ಲುವವನು ಕುಟುಂಬದ ಹೆಣ್ಣು ಸಂತತಿಯಲ್ಲಿ ಹುಟ್ಟಿದವನು. ಈ ಕಟ್ಟನ್ನು ಬಲ್ಲ ಹಿರಿಯರು ಇನ್ನೂ ಇದ್ದಾರೆ. ಯಾವ ಮನೆಯಲ್ಲಿ ಏನು ನಡೆಯಿತು, ಯಾವಾಗ ಬದಲಾಯಿತು, ಯಾರು ಒಪ್ಪಲಿಲ್ಲ, ಯಾರಿಗೆ ಅನ್ಯಾಯವಾಯಿತು ಎಂಬುದನ್ನೆಲ್ಲ ಅವರಿಂದ ಕೇಳಿ, ಊರು ಮತ್ತು ಕುಟುಂಬದ ಹೆಸರಿನೊಂದಿಗೆ ಬರೆದಿಡುವ ಕೆಲಸ ಈ ತಲೆಮಾರಿನದು. ಇನ್ನೊಮ್ಮೆ ಯಾರಾದರೂ ಪುಸ್ತಕ ಕೇಳಿದರೆ ಭೂತಾಳ ಪಾಂಡ್ಯನ ಹೆಸರಿನಲ್ಲಿ ಹೊಸದೊಂದನ್ನು ಕಟ್ಟುವ ಅಗತ್ಯ ಬೀಳಬಾರದು.